ನಲವತ್ತೇಳನೆಯ ಮನೆ

ಊರಿನ ಹೆಸರು ಕೇಳಬೇಡಿ, ಹೇಳುವುದಿಲ್ಲ. ಬಬಲೇಶ್ವರದಿಂದ ಕಾಖಂಡಕಿ ಕಡೆ ಹೋಗುವಾಗ ಎಡಕ್ಕೆ ತಿರುಗಿದರೆ ಸಿಗುತ್ತದೆ, ಅಷ್ಟು ಸಾಕು. ಆ ಊರಿನ ಒಂದು ಕೂಸಿನ ಹೆಸರೂ ಇಲ್ಲಿ ಬರುವುದಿಲ್ಲ. ಯಾಕೆ ಬರುವುದಿಲ್ಲ ಅನ್ನುವುದನ್ನು ಹೇಳುವುದಕ್ಕೇ ಇಷ್ಟೆಲ್ಲ ಬರೆಯುತ್ತಿದ್ದೇನೆ.

1977ರ ಬೇಸಿಗೆ. ನಾನು, ಸಬೀರಾ, ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ. ನಮ್ಮ ಪ್ರೊಫೆಸರ್ ತೊರವಿ ಸರ್ ವಿಜಾಪುರದ ಸುತ್ತಿನ ಹಳ್ಳಿಗಳಲ್ಲಿ ನಾರುಹುಣ್ಣಿನ ಸಮೀಕ್ಷೆ ಹಿಡಿದಿದ್ದರು. ಊರೂರು ತಿರುಗಲು ವಿದ್ಯಾರ್ಥಿಗಳು ಬೇಕಿತ್ತು. ನಾನು ಸ್ಟೇಷನ್ ರಸ್ತೆಯವಳು, ಗೆಳತಿ ರೇಣವ್ವ ತಿಕೋಟಾದವಳು, ಇಬ್ಬರೂ ಸೇರಿಕೊಂಡೆವು. ಹೆಣ್ಣುಮಕ್ಕಳಾದರೆ ಅಡುಗೆಮನೆಯವರೆಗೂ ಹೋಗಬಹುದು ಅಂತ ಸರ್‌ಗೂ ಅನುಕೂಲವಾಯಿತು.

ನಾರು ಅಂದರೆ ಒಂದು ಹುಳ, ಈಗಿನವರಿಗೆ ತಿಳಿಯಲಿಕ್ಕಿಲ್ಲ. ಮೆಟ್ಟಿಲಿಳಿದು ನೀರು ತುಂಬುವ ಬಾವಡಿಗಳಲ್ಲಿ ಅದರ ಬೀಜ ಇರುತ್ತಿತ್ತು. ಕುಡಿದ ನೀರಿನ ಜೊತೆ ಹೊಟ್ಟೆಗೆ ಹೋಗಿ, ಮೈಯೊಳಗೇ ಒಂದು ವರ್ಷ ಬೆಳೆದು, ಒಂದು ದಿನ ಕಾಲಿನಲ್ಲಿ ಬೊಕ್ಕೆ ಎಬ್ಬಿಸಿ ಬಿಳಿ ದಾರದ ಹಾಗೆ ತಲೆ ಹೊರಗೆ ಹಾಕುತ್ತಿತ್ತು. ಎಳೆದರೆ ಹರಿಯುತ್ತದೆ. ಒಳಗೆ ಹರಿದರೆ ಕಾಲು ಕೊಳೆಯುತ್ತದೆ, ನಂಜೇರಿ ಜೀವವೂ ಹೋಗಬಹುದು. ಅದಕ್ಕೇ ಕಡ್ಡಿಗೆ ಸುತ್ತಿಕೊಳ್ಳುತ್ತ ದಿನಕ್ಕೆ ಎರಡು ಬೆರಳಿನಷ್ಟು ಮಾತ್ರ ಹೊರಗೆ ತೆಗೆಯಬೇಕು.

ನಮ್ಮ ಕೆಲಸ ಸರಳ. ಪ್ರತಿ ಮನೆಯ ಬಾಗಿಲ ಪಕ್ಕ ಕೆಮ್ಮಣ್ಣಿನಿಂದ ನಂಬರ್ ಬರೆಯುವುದು, ಮನೆಯವರ ಹೆಸರು, ವಯಸ್ಸು, ಯಾರಿಗೆ ಎಲ್ಲಿ ನಾರು ಎದ್ದಿದೆ ಅನ್ನುವುದನ್ನು ಆ ನಂಬರಿನ ಫಾರಂನಲ್ಲಿ ತುಂಬುವುದು. ಮೂರು ವಾರ ಬಿಟ್ಟು ಮತ್ತೆ ಹೋಗಿ ಎರಡನೆಯ ಸುತ್ತು. ತೊರವಿ ಸರ್‌ಗೆ ಒಂದೇ ಹಟ. "ನಂಬರ ಒಂದು ಜಿಗೀತಂದ್ರ ಇಡೀ ಊರಾ ಸುಳ್ಳು" ಅನ್ನುತ್ತಿದ್ದರು. ತಿಕೋಟಾದಲ್ಲಿ ಎರಡು ನಂಬರ್ ಜಿಗಿದ ಬುಡ್ಡೇಸಾಬ ಎಂಬ ಹುಡುಗನನ್ನು ಅದೇ ಸಂಜೆ ಮನೆಗೆ ಕಳಿಸಿದ್ದರು. ಅವನ ವರ್ಷ ಹೋಯಿತು.

ನನ್ನ ವರ್ಷ ಹೋದರೆ ವರ್ಷ ಮಾತ್ರ ಹೋಗುತ್ತಿರಲಿಲ್ಲ. ಸೊಲ್ಲಾಪುರದಿಂದ ಬಂದಿದ್ದ ಸಂಬಂಧವೊಂದನ್ನು ನಮ್ಮಪ್ಪ ಮಲಂಗಸಾಬರು ಜೂನ್‌ವರೆಗೆ ತಡೆದು ಹಿಡಿದಿದ್ದರು. ಪಾಸಾದರೆ ನೌಕರಿ, ಇಲ್ಲದಿದ್ದರೆ ನಿಕಾಹ್. ಅವರು ರೇಲ್ವೆ ಪಾರ್ಸಲ್ ಆಫೀಸಿನವರು, ಮಾತು ಅಂದರೆ ಮಾತು. ಏಳು ಅಂಕಿ ಬರೆಯುವಾಗ ಒಂದರ ಹಾಗೆ ಕಾಣಬಾರದೆಂದು ನಡುವೆ ಅಡ್ಡಗೆರೆ ಎಳೆಯುವ ಚಾಳಿ ನನಗೆ ಬಂದದ್ದು ಅವರಿಂದ. ಆ ಗೆರೆಯನ್ನು ನೆನಪಿಡಿ.

ಮಾರ್ಚ್ ನಡುವಿನ ಒಂದು ದಿನ ಆ ಊರಿನ ಬಾವಡಿ ಓಣಿಯಲ್ಲಿ ನಂಬರ್ ಹಾಕುತ್ತಿದ್ದೆವು. ರೇಣವ್ವನ ಕೈಯಲ್ಲಿ ಫಾರಂ, ನನ್ನ ಕೈಯಲ್ಲಿ ಕೆಮ್ಮಣ್ಣಿನ ಡಬ್ಬಿ, ತುದಿ ಜಜ್ಜಿದ ಈಚಲು ಕಡ್ಡಿ. ನಲವತ್ತಾರನೆಯ ಮನೆ ರುಕ್ಮವ್ವ ಎಂಬ ಮುದುಕಿಯದು.

"ಬರ್ರಿ ಯವ್ವಾ, ಇಂಥಾ ಬಿಸಲಾಗ ಬಂದೀರಿ. ಮಜ್ಜಿಗಿ ಕುಡದ ಮುಂದ ಹೋಗ್ರಿ" ಅಂದಳು.

ಮಜ್ಜಿಗೆ ಕೊಟ್ಟಳು, ರೊಟ್ಟಿ ಕೊಟ್ಟಳು, ಕಾಲೇಜಿನಲ್ಲಿ ಗಂಡಸರ ಜೊತೆ ಒಂದೇ ಬೆಂಚಿನ ಮೇಲೆ ಕೂರುತ್ತೀರೇನು ಅಂತ ಕೇಳಿ ನಗಿಸಿದಳು. ಹೊರಟಾಗ ನನ್ನ ಮೊಣಕೈ ಹಿಡಿದು, ಮಾತು ನಿಲ್ಲಿಸದೆ, ಮುಂದಿನ ಮನೆಯ ಬಾಗಿಲವರೆಗೂ ಕಳಿಸಿಕೊಟ್ಟಳು. ಅಲ್ಲಿ ನಾನು ನಗುನಗುತ್ತಲೇ ನಲವತ್ತೆಂಟು ಅಂತ ಬರೆದುಬಿಟ್ಟೆ.

ಗೊತ್ತಾದದ್ದು ಸಂಜೆ. ವಿಜಾಪುರದ ಸಿದ್ಧೇಶ್ವರ ಗುಡಿಯ ಹಿಂದೆ ಒಂದು ಹಳೆಯ ಮನೆಯ ಅಟ್ಟವನ್ನು ಸರ್ ಆಫೀಸು ಮಾಡಿಕೊಂಡಿದ್ದರು. ಅಲ್ಲಿ ಫಾರಂ ಜೋಡಿಸುವಾಗ ನಲವತ್ತಾರರ ಮೇಲೆ ನಲವತ್ತೆಂಟು ಬಂತು. ನಾವು ನೂರಾ ಹನ್ನೆರಡರವರೆಗೂ ಬರೆದು ಬಂದಿದ್ದೆವು.

"ಸರ್‌ಗ ಹೇಳಿಬಿಡೂಣು. ನಾಳೆ ಹೋಗಿ ತಿದ್ದಿದ್ರಾತು" ಅಂದಳು ರೇಣವ್ವ.

"ಅರವತ್ತೈದು ಬಾಗಲಾ ಕೆರದು ಬರಿಯೂದಾ? ಬುಡ್ಡೇಸಾಬಂದು ಮರತಿ?"

ಅವಳು ನೀರು ಕುಡಿಯಲು ಎದ್ದು ಹೋದಾಗ ನಾನು ಖಾಲಿ ಫಾರಂ ತೆಗೆದುಕೊಂಡೆ. ಮನೆ ನಂಬರ್ 47. ಯಜಮಾನ ಭಾಗಪ್ಪ, ಹೆಂಡತಿ ಹೆಸರಿಗೆ ಪಾಪ ನಮ್ಮ ರೇಣವ್ವನದನ್ನೇ ಹಾಕಿದೆ. ಒಬ್ಬಳು ಮಗಳು, ಏಳು ವರ್ಷ. ಅವಳಿಗೂ ಒಂದು ಹೆಸರು ಕೊಟ್ಟೆ. ಆ ಓಣಿಯಲ್ಲಿ ನಾರು ಇಲ್ಲದ ಮನೆಯೇ ಇರಲಿಲ್ಲ, ಈ ಒಂದು ಮನೆ ಚೊಕ್ಕ ಇದ್ದರೆ ಸರ್ ಹುಬ್ಬೇರಿಸುತ್ತಾರೆ. ಹಾಗಾಗಿ ನಂಬಿಕೆ ಬರಲಿ ಅಂತ ಕೂಸಿನ ಎಡಗಾಲಿಗೆ ಒಂದು ನಾರು ಬರೆದೆ. ದೊಡ್ಡವರಿಗೆ ಬರೆಯಬಹುದಿತ್ತು. ಯಾಕೋ ಕೂಸಿಗೇ ಬರೆದೆ.

ರೇಣವ್ವ ಬಂದು ನೋಡಿ ತುಟಿ ಕಚ್ಚಿಕೊಂಡಳು. "ಬಾಯಿಲೆ ಸುಳ್ಳ ಹೇಳೂದು ಬ್ಯಾರೆ, ಕಾಗದದ ಮ್ಯಾಲ ಬರಿಯೂದು ಬ್ಯಾರೆ ಬೇ" ಅಂದಳು. ಹಳ್ಳಿಯ ಹೆದರಿಕೆ ಅಂತ ನಕ್ಕೆ.

ಏಪ್ರಿಲ್ ಮೊದಲ ವಾರ ಎರಡನೆಯ ಸುತ್ತಿಗೆ ಹೊರಟಾಗ ಸರ್ ಹೊಸದೊಂದು ಹೇಳಿದರು. ಮೂರನೆಯ ಸುತ್ತಿಗೆ ತಾವೇ ಬರುತ್ತಾರೆ, ನಾರು ಇದ್ದವರ ಹುಣ್ಣು ಕಟ್ಟುತ್ತಾರೆ, ಮಾಯ್ದವರ ಕಲೆ ನೋಡುತ್ತಾರೆ, ಊರು ಬಿಟ್ಟವರ ವಿಳಾಸ ಹುಡುಕುತ್ತಾರೆ. ಊರು ಮುಟ್ಟಿದ ಕೂಡಲೇ ನಲವತ್ತಾರು ಮತ್ತು ನಲವತ್ತೆಂಟರ ನಡುವೆ ಏನಿದೆ ಅಂತ ಹೋಗಿ ನೋಡಿದೆ. ಒಂದು ಮಣ್ಣಿನ ಗೋಡೆ, ಬಾಗಿಲಿಲ್ಲದ್ದು. ಮಟಮಟ ಮಧ್ಯಾಹ್ನ, ಓಣಿಯಲ್ಲಿ ನಾಯಿ ಕೂಡ ಇರಲಿಲ್ಲ. ಗೋಡೆಯ ಆಚೆ ಯಾರೋ ನರಳಿದ ಹಾಗಾಯಿತು. ರುಕ್ಮವ್ವನನ್ನು ಕೇಳಿದೆ.

"ಅಲ್ಲಿ ಏನೈತಿ ಯವ್ವಾ? ದನದ ಕೊಟಿಗಿ. ಆಕಳಾ ಈಯಾಕ ಬಂದೈತಿ" ಅಂದಳು. ಆವತ್ತು ಮಜ್ಜಿಗೆ ಕೊಡಲಿಲ್ಲ.

ಬಸ್ಸು ಕಾಯುತ್ತ ಬೇವಿನ ಮರದಡಿ ಕುಳಿತು ಯೋಚಿಸಿದೆ. ಬದುಕಿದ್ದರೆ ಕಾಲು ನೋಡುತ್ತಾರೆ, ಮಾಯ್ದಿದ್ದರೆ ಕಲೆ ನೋಡುತ್ತಾರೆ. ಸತ್ತವರನ್ನು ಯಾರು ನೋಡುತ್ತಾರೆ? ಎರಡನೆಯ ಸುತ್ತಿನ ಕಾಲಂನಲ್ಲಿ, ಕೂಸಿನ ಹೆಸರಿನ ಮುಂದೆ, 'ಮೃತ' ಅಂತ ಬರೆದೆ. ರೇಣವ್ವ ಮುಖ ಆಚೆ ತಿರುಗಿಸಿ ಕುಳಿತಳು.

ಅತಿಜಾಣೆ ಅಂತ ನನಗೆ ನಾನೇ ಅಂದುಕೊಂಡಿದ್ದೆ. ಆ ಇಡೀ ಸಮೀಕ್ಷೆಯಲ್ಲಿ ನಾರಿನಿಂದ ಸತ್ತವರು ಬೇರೆ ಒಬ್ಬರೂ ಇರಲಿಲ್ಲ. ಆ ಒಂದು ಶಬ್ದ ಸರ್ ಕಣ್ಣಿಗೆ ಮೊದಲು ಬಿತ್ತು. ಮರುದಿನ ಯಾರಿಗೂ ಹೇಳದೆ ಜೀಪು ತೆಗೆದುಕೊಂಡು ಹೋದರು.

ಆ ದಿನ ನಾನು ಅನ್ನ ಮುಟ್ಟಲಿಲ್ಲ. ಸಂಜೆ ಅಟ್ಟದ ಏಣಿ ಕಿರುಗುಟ್ಟಿದಾಗ ನನ್ನ ಓದು, ನೌಕರಿ ಎಲ್ಲ ಮುಗಿಯಿತು ಅಂತಲೇ ಎದ್ದು ನಿಂತೆ. ಸರ್ ಕನ್ನಡಕ ಒರೆಸುತ್ತ ಕುಳಿತರು.

"ಸಬೀರಾ, ನಲವತ್ತೇಳರ ಹುಡುಗಿ ಸತ್ತಾಳ ಅಂತ ನಿನಗ ಯಾರ ಹೇಳಿದ್ರು?"

"ಓಣ್ಯಾಗಿನವ್ರು, ಸರ್."

"ಸುಳ್ಳ ಹೇಳ್ಯಾರ. ಆಕಿ ಬದುಕ್ಯಾಳ. ಈಗ ಮಾತಾಡ್ಸಿ ಬಂದೇನಿ."

ಸರ್ ಚೀಲದಿಂದ ಫಾರಂ ತೆಗೆದು ಬಿಡಿಸಿದರು.

"ಅವ್ವ ಅಪ್ಪನ ಹೆಸರು ತಪ್ಪು ಬರದಿ. ಕೂಸಿನ ಹೆಸರು ಅಷ್ಟ ಸರಿ ಐತಿ. ಮತ್ತ ಎಡಗಾಲ ಅಲ್ಲ, ಬಲಗಾಲು. ನಾರು ತಲಿ ಹಾಕಿ ಇನ್ನೂ ನಾಕ ದಿನಾ ಆಗಿಲ್ಲ. ಮೂರು ವಾರದ ಹಿಂದನ ನೀ ಹೆಂಗ ಬರದಿ?" ಸರ್ ನನ್ನ ಉತ್ತರಕ್ಕೆ ಕಾಯಲಿಲ್ಲ. "ಬೊಕ್ಕಿ ನೋಡಿ ಬರದಿರಬೇಕು. ನಾಳೆ ನನ್ನ ಜೋಡಿ ಬಾ. ತಪ್ಪು ಬರದವರಾ ತಿದ್ದಬೇಕು, ಆ ಮನಿ ಮುಂದ ನಿಂತಾ ತಿದ್ದಬೇಕು."

ಬಲೆ ಬೀಸಿದ್ದಾರೆ ಅಂದುಕೊಂಡೆ. ಸುಳ್ಳು ಗೊತ್ತಾಗಿದೆ, ಅಲ್ಲಿ ಖಾಲಿ ಗೋಡೆಯ ಮುಂದೆ ನಿಲ್ಲಿಸಿ ನನ್ನ ಬಾಯಿಂದಲೇ ಹೇಳಿಸುತ್ತಾರೆ. ದೇವರೇ ಹಾಗೇ ಆಗಲಿ, ಬಲೆಯೇ ಆಗಲಿ, ಆ ಕೂಸು ಮಾತ್ರ ಇರದಿರಲಿ ಅಂತ ಬೇಡಿಕೊಂಡೆ. ಬೈಗುಳಕ್ಕಿಂತ ಆ ಕೂಸಿಗೆ ಹೆದರಿದ್ದೆ.

ಮರುದಿನ ನಾನು, ರೇಣವ್ವ, ಸರ್ ಜೀಪಿನಲ್ಲಿ ಹೋದೆವು. ನಮ್ಮನ್ನು ನೋಡಿ ರುಕ್ಮವ್ವ ಹೊಸ್ತಿಲ ಮೇಲೆ ಕುಸಿದು ಕುಳಿತಳು. ಸರ್, ಹಿಂದಿನ ದಿನ ನರಳುವ ದನಿ ಹಿಡಿದು ಕಂಡುಕೊಂಡ ದಾರಿಯಲ್ಲೇ, ಅವಳ ಮನೆಯೊಳಗಿನಿಂದ ಕೊಟ್ಟಿಗೆಗೆ ಹೋಗಿ, ಅಲ್ಲಿ ಒಟ್ಟಿದ್ದ ಜೋಳದ ಕಣಿಕೆಯ ಪಕ್ಕ ನುಸುಳಿ ಆಚೆ ಹೊರಬಿದ್ದರು. ಅಲ್ಲಿ ಬಾವಡಿಗೆ ಮುಖ ಮಾಡಿ ಒಂದು ಗುಡಿಸಲಿತ್ತು. ಓಣಿಯಿಂದ ಕಾಣುತ್ತಿರಲಿಲ್ಲ. ಆ ಕಡೆ ನಾವಿಬ್ಬರೂ ಯಾವತ್ತೂ ಕಾಲಿಟ್ಟಿರಲಿಲ್ಲ.

ಬಾಗಿಲ ಪಕ್ಕದ ಗೋಡೆಯ ಮೇಲೆ ಕೆಮ್ಮಣ್ಣಿನಲ್ಲಿ 47 ಅಂತ ಇತ್ತು. ಏಳರ ನಡುವೆ ಅಡ್ಡಗೆರೆ ಇತ್ತು.

ರೇಣವ್ವ ನನ್ನ ಸೆರಗು ಹಿಡಿದುಕೊಂಡಳು. ಅದು ನನ್ನ ಅಕ್ಷರ. ನಾಲ್ಕರ ಕಾಲು ಬಲಕ್ಕೆ ವಾಲುವುದು ಸಹ ನನ್ನದೇ. ನಾನು ಬರೆದಿಲ್ಲ. ಇವತ್ತಿಗೂ ಆಣೆ ಮಾಡಿ ಹೇಳುತ್ತೇನೆ, ಬರೆದಿಲ್ಲ.

"ಇದನ್ನ ಯಾರ ಬರದ್ರು?" ಅಂತ ಹೊರಗೆ ಬಂದ ಹೆಂಗಸನ್ನು ಕೇಳಿದೆ. ಕೂಸಿನ ತಾಯಿ, ಮಲಕವ್ವ.

"ನೀವಾ ಬರದ ಹೋಗೀರಲ್ಲರಿ. ನಾ ಹೊಲದಿಂದ ಬರೂದ್ರಾಗ ಇತ್ತು" ಅಂದಳು.

ಕೂಸು ಒಳಗೆ ಚಾಪೆಯ ಮೇಲಿತ್ತು. ಬಡಕಲು ಮೈ, ದೊಡ್ಡ ಕಣ್ಣು, ಜ್ವರದಿಂದ ಕೆಂಡದಂಥ ಹಣೆ. ಬಲಪಾದ ಊದಿಕೊಂಡು, ಹಿಮ್ಮಡಿಯ ಮೇಲಿನ ಹುಣ್ಣಿನಿಂದ ಬಿಳಿ ಎಳೆ ಒಂದು ಗೇಣಿನಷ್ಟು ಹೊರಗೆ ಬಂದಿತ್ತು. ಸರ್ ಬಿಸಿನೀರು ಕೇಳಿ ಕುಳಿತರು. ಮಲಕವ್ವ ನೀರಿಟ್ಟು ಬಂದು ನನ್ನನ್ನು ಮೂಲೆಗೆ ಕರೆದಳು.

"ಯವ್ವಾ, ನೀವು ಬ್ಯಾರೆ ಜಾತಿಯವರು, ಓದಿದವರು. ಒಂದ ಮಾತ ಹೇಳ್ರಿ. ಆಕಿ ಹೆಸರ ನಿಮಗ ಯಾರ ಹೇಳಿದ್ರು?"

"ಯಾಕ್ರಿ?"

"ನಾಕ ಕೂಸ ಸತ್ತಾವ್ರಿ ನನಗ. ತೊಟ್ಟಲಕ ಹಾಕಿ, ಹೆಸರಿಟ್ಟು, ಊರಿಗೆಲ್ಲಾ ಹೇಳಿ ಬೆಳಸಿದ್ದೆ. ಒಂದೂ ಎಂಟ ವರ್ಷ ದಾಟಲಿಲ್ಲ. ಈಕಿಗೆ ಹೆಸರಾ ಇಡಲಿಲ್ಲ. ಕರಿಯಾಕ ಹೆಸರಿಲ್ಲಂದ್ರ ಸಾವಿಗೆ ಗುರ್ತ ಹತ್ತೂದಿಲ್ಲಂತ. ಎಣಸವರು ಬಂದ್ರ ನಮ್ಮತ್ತಿ ರುಕ್ಮವ್ವ ಮುಂದ ನಿಂತು ಮಾತಿಗೆ ಹಚ್ತಾಳ, ನಾ ಕೂಸಿನ್ನ ಕಣಕಿ ಹಿಂದ ಮುಚ್ಚಿಡ್ತೇನಿ." ಅವಳ ದನಿ ಇಳಿಯಿತು. "ಒಂದು ಹೆಸರಿತ್ತು. ಮನಸಿನ್ಯಾಗ ಅಷ್ಟ ಇಟಗೊಂಡಿದ್ದೆ. ಗಂಡನ ಮುಂದೂ ಅಂದಿದ್ದಿಲ್ಲ. ನಿನ್ನಿ ಸಾಹೇಬ್ರು ಕಾಗದಾ ತಗದು ಅದನ್ನಾ ಓದಿದ್ರು. ದಿಗಿಲಿಗೆ ಹೌದ್ರಿ ಅಂದ್ಬಿಟ್ಟೆ."

ಹೆಸರು ಬರೆದೆ, ಅದು ಇತ್ತು. ನಾರು ಬರೆದೆ, ಮೂರು ವಾರದ ಮೇಲೆ ಅದೂ ಬಂತು. ಇನ್ನು ಉಳಿದದ್ದು ಒಂದೇ ಶಬ್ದ, ಮೊನ್ನೆ ಬೇವಿನ ಮರದಡಿ ಬರೆದದ್ದು. ಕೂಸು ಒಳಗೆ ನರಳಿತು.

"ಈಗ ಆಕಿ ಹೆಸರಿನ ಮುಂದ ಏನ ಬರದೈತ್ರಿ?" ಅಂತ ಮಲಕವ್ವ ಕೇಳಿದಳು.

ಸುಳ್ಳು ಹೇಳುವ ಶಕ್ತಿ ಇರಲಿಲ್ಲ. "ಸತ್ತಾಳ ಅಂತ."

ಅವಳು ಅಳುತ್ತಾಳೆ, ನನ್ನ ಕೆನ್ನೆಗೆ ಹೊಡೆಯುತ್ತಾಳೆ ಅಂದುಕೊಂಡೆ. ಅವಳು ನನ್ನ ಎರಡೂ ಕೈ ಹಿಡಿದಳು. "ಹಂಗಾ ಇರ್ಲಿ ಬಿಡ್ರಿ. ಅಳಸಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೇನಿ. ಸತ್ತವರನ್ನ ಮತ್ತ ಯಾರೂ ಕರಿಯಾಕ ಬರೂದಿಲ್ಲ."

ಅಷ್ಟರಲ್ಲಿ ಸರ್ ಕೈ ಒರೆಸಿಕೊಂಡು ಫಾರಂ ಮುಂದೆ ಚಾಚಿದರು, ಪೆನ್ನೂ ಕೊಟ್ಟರು. "ಹೊಡದ ಹಾಕು. 'ಜೀವಂತ' ಅಂತ ಬರದು ಸಹಿ ಮಾಡು."

ಒಂದು ಗೆರೆ ಎಳೆದಿದ್ದರೆ ನಾನು ಪಾರು. ತಪ್ಪು ತಿದ್ದಿದ ವಿದ್ಯಾರ್ಥಿನಿ, ಜೂನಿನಲ್ಲಿ ಪಾಸು. ಎಳೆಯದೆ ಬಿಟ್ಟಿದ್ದರೆ ನಾನು ಬರೆದ ಸಾವು ಹಾಗೇ ಕುಳಿತಿರುತ್ತಿತ್ತು, ಕೂಸಿನ ಹೆಸರಿಗೆ ಆತುಕೊಂಡು. ಮಲಕವ್ವನಿಗೆ ಓದು ಬಾರದು. ಆದರೂ ಅವಳ ಕಣ್ಣು ಪೆನ್ನಿನ ಮೂತಿಯ ಮೇಲಿತ್ತು. ಅತ್ತ ದರಿ, ಇತ್ತ ಪುಲಿ. ಆ ಕಾಗದದ ಮೇಲೆ ಇನ್ನೊಂದಕ್ಷರ ಬರೆಯುವುದಕ್ಕೆ ನನ್ನ ಕೈ ಒಪ್ಪಲೇ ಇಲ್ಲ.

"ಸರ್, ಈ ಫಾರಂ ಪೂರಾ ಸುಳ್ಳು" ಅಂದೆ. ಎಲ್ಲ ಹೇಳಿದೆ. ಜಿಗಿದ ನಂಬರು, ಖಾಲಿ ಫಾರಂ, ಎಡಗಾಲು, ಬೇವಿನ ಮರ. ಗೋಡೆಯ ಮೇಲಿನ ಅಕ್ಷರ ನನ್ನದು ಆದರೆ ನಾನು ಬರೆದದ್ದಲ್ಲ ಅಂತಲೂ ಹೇಳಿದೆ. ಹೇಳುತ್ತ ಹೇಳುತ್ತ ಅತ್ತುಬಿಟ್ಟೆ. "ನಾ ಬರದದ್ದಕ್ಕಾ ನಾರು ಬಂತು ಸರ್. ಈಗ ಸಾವು ಬರದೇನಿ."

"ಹುಚ್ಚರಂಗ ಮಾತಾಡಬ್ಯಾಡ. ನಾರು ಹ್ವಾದ ವರ್ಷ ಕುಡದ ನೀರಿಂದ ಬಂದೈತಿ, ನಿನ್ನ ಪೆನ್ನಿನಿಂದಲ್ಲ" ಅಂದರು ಸರ್. ಆದರೆ ಗೋಡೆಯ ಕಡೆ ನೋಡಿದರು. ಆಮೇಲೆ ಫಾರಂನ ಮೇಲ್ಗಡೆ ನಾನು ಬರೆದಿದ್ದ 47 ನೋಡಿದರು. ಬಹಳ ಹೊತ್ತು ನೋಡಿದರು. ನಂಬರ್ ಜಿಗಿದರೆ ಊರೇ ಸುಳ್ಳು ಅನ್ನುತ್ತಿದ್ದ ಆ ಮನುಷ್ಯ ಫಾರಂ ನನ್ನ ಕೈಗೆ ಕೊಟ್ಟರು.

"ಹರಿ."

ಹರಿದೆ. ಚೂರುಗಳನ್ನು ಮಲಕವ್ವ ಉಡಿಯಲ್ಲಿ ತುಂಬಿಕೊಂಡು ಹೋಗಿ ಒಲೆಗೆ ಹಾಕಿದಳು.

"ನಾಳಿಂದ ಕೆಲಸಕ್ಕ ಬರಬ್ಯಾಡ. ಈ ವರ್ಷ ನಿನಗ ನನ್ನ ಸಹಿ ಸಿಗೂದಿಲ್ಲ" ಅಂದರು ಸರ್. ಜೀಪು ಹತ್ತುವಾಗ ತಿರುಗಿ ನೋಡದೆ ಇನ್ನೊಂದು ಮಾತು ಸೇರಿಸಿದರು. "ದಿನಾ ಮುಂಜಾನಿ ಬಸ್ಸಿಗೆ ಬಂದು ಆ ಕೂಸಿನ ಕಾಲ ಕಟ್ಟು. ಔಷಧಾ ನಾ ಕೊಡ್ತೇನಿ. ಅದನ್ನ ಎಲ್ಲೂ ಬರಿಯಬ್ಯಾಡ."

ಹದಿನೆಂಟು ದಿನ ಹೋದೆ. ಬಿಸಿನೀರಿನಲ್ಲಿ ಕಾಲಿಟ್ಟು, ಎಳೆಯನ್ನು ಕಡ್ಡಿಗೆ ಸುತ್ತಿ, ಎರಡು ಬೆರಳಷ್ಟು ಬಂದ ಕೂಡಲೇ ನಿಲ್ಲಿಸುತ್ತಿದ್ದೆ. ಹರಿಯಿತೋ ಮುಗಿಯಿತು. ಏಳನೆಯ ದಿನ ಜ್ವರ ಏರಿ ಕೂಸು ನನ್ನನ್ನೇ ಗುರುತಿಸಲಿಲ್ಲ. ಮಲಕವ್ವ ಗೋಡೆಯ ನಂಬರಿನ ಮೇಲೆ ಸಗಣಿ ಸಾರಿಸಿದ್ದಳು, ಒಣಗಿದ ಮೇಲೆ ಕೆಂಪು ಮತ್ತೆ ಮೂಡಿತ್ತು. ಮತ್ತೆ ಸಾರಿಸಿದಳು, ಮತ್ತೆ ಮೂಡಿತು. ಕೆಮ್ಮಣ್ಣು ಹಾಗೇ ಅಂತ ರೇಣವ್ವ ಸಮಾಧಾನ ಹೇಳಿದಳು, ಆದರೆ ಅವಳೂ ಆ ಗೋಡೆಗೆ ಬೆನ್ನು ಮಾಡಿ ಕೂರುತ್ತಿರಲಿಲ್ಲ. ಹದಿನೆಂಟನೆಯ ದಿನ ಎಳೆಯ ತುದಿ ಸಲೀಸಾಗಿ ಜಾರಿ ಹೊರಗೆ ಬಂತು, ಇಡಿಯಾಗಿ. ನಾನು ಕಡ್ಡಿ ಹಿಡಿದುಕೊಂಡೇ ಅತ್ತೆ. ಹೊರಡುವಾಗ ಗೋಡೆ ನೋಡಿದೆ. ಬರೀ ಸಗಣಿಯ ಬಣ್ಣ ಇತ್ತು.

ಮುಂದಿನ ವರ್ಷ ಸರ್ ವರದಿ ಅಚ್ಚಾಯಿತು. ಆ ಊರಿನ ಪಟ್ಟಿಯಲ್ಲಿ ನಲವತ್ತಾರರ ಕೆಳಗೆ ನಲವತ್ತೆಂಟು ಇದೆ. ಯಾಕೆಂದು ಯಾರೂ ಕೇಳಲಿಲ್ಲವಂತೆ. ನಾನು ಸೊಲ್ಲಾಪುರಕ್ಕೆ ಸೊಸೆಯಾಗಿ ಹೋದೆ. ಅಪ್ಪನ ಮಾತು ಅಂದೆನಲ್ಲ.

1979ರಲ್ಲಿ ತವರಿಗೆ ಬಂದವಳು ಬಬಲೇಶ್ವರದ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಒಂದು ಹುಡುಗಿ ಕುಂಟುತ್ತ ಓಡಿ ಬಂದು ನನ್ನ ಮುಂದೆ ನಿಂತಳು. ಅದೇ ದೊಡ್ಡ ಕಣ್ಣು.

"ಅಕ್ಕಾ, ನೀ ಕಾಲ ಕಟ್ಟತಿದ್ದಾಕಿ ಹೌದಿಲ್ಲೋ? ನಂಗ ಸಾಲಿಗೆ ಹೋಗೂದೈತಿ. ಹೆಸರಿಲ್ಲದವರನ್ನ ತಗೋಳೂದಿಲ್ಲಂತಾರ ಮಾಸ್ತರ. ನನ್ನ ಹೆಸರ ಅಕ್ಕಗ ಗೊತ್ತೈತಿ ಅಂತಾಳ ಅವ್ವ. ಏನದು?"

ಮಲಕವ್ವ ಹತ್ತು ಹೆಜ್ಜೆ ಹಿಂದೆ, ಕೈಯಲ್ಲಿ ಗಂಟು ಹಿಡಿದು ನಿಂತಿದ್ದಳು. ನಾನು ಅವಳ ಮುಖ ನೋಡಿದೆ.

"ಹೇಳ್ರಿ ಯವ್ವಾ. ಒಂಬತ್ತ ತುಂಬ್ಯಾವು ಆಕಿಗೆ" ಅಂದಳು. "ನನ್ನ ಬಾಯಿಲೆ ಆಗವಲ್ದು. ಕಿವ್ಯಾಗ ಹೇಳ್ರಿ, ಸಾವಕಾಶ."

ಅವರಲ್ಲಿ ಕೂಸಿನ ಕಿವಿಯಲ್ಲಿ ಮೊದಲು ಹೆಸರು ಹೇಳುವವಳು ಸೋದರತ್ತೆ. ನಾನು ಯಾರೂ ಅಲ್ಲ. ಆದರೂ ಬಗ್ಗಿದೆ, ಎಣ್ಣೆ ಹಚ್ಚಿದ ಆ ಕೂದಲು ಸರಿಸಿ, ಎರಡು ವರ್ಷ ನುಂಗಿಕೊಂಡಿದ್ದ ಹೆಸರನ್ನು ಹೇಳಿದೆ. ಹುಡುಗಿ ಒಂದು ಕ್ಷಣ ಅಲುಗಾಡಲಿಲ್ಲ. ನಾನೂ ಅಲುಗಾಡಲಿಲ್ಲ, ಅವಳ ಎದೆ ಏರಿಳಿಯುವುದನ್ನೇ ನೋಡುತ್ತಿದ್ದೆ. ಆಮೇಲೆ ಅವಳು ನಕ್ಕಳು.

ಬಸ್ಸು ಹೊರಟಾಗ ಕಿಟಕಿಯಿಂದ ತಲೆ ಹೊರಗೆ ಹಾಕಿ ತನ್ನ ಹೆಸರನ್ನು ತಾನೇ ಕೂಗಿದಳು, ಮತ್ತೆ ಮತ್ತೆ, ಇಡೀ ಸ್ಟ್ಯಾಂಡಿಗೆ ಕೇಳುವ ಹಾಗೆ. ಮಲಕವ್ವ ಅವಳ ಬಾಯಿ ಮುಚ್ಚಲು ಕೈ ಎತ್ತಿದ್ದು ಕಂಡಿತು. ಎತ್ತಿದ ಕೈಯನ್ನು ಹಾಗೇ ಮಗಳ ತಲೆಯ ಮೇಲೆ ಇಟ್ಟಳು. ಧೂಳು ಇಳಿಯುವವರೆಗೂ ನಾನು ಅಲ್ಲೇ ನಿಂತಿದ್ದೆ.

ಆ ಹೆಸರನ್ನು ಸಾಲಿ ಮಾಸ್ತರರು ಬರೆದುಕೊಂಡಿರಬೇಕು, ಬರೆದುಕೊಳ್ಳಲಿ. ನನ್ನ ಕೈಯಿಂದ ಇನ್ನೊಮ್ಮೆ ಬರೆಯುವುದಿಲ್ಲ.